ಎರಡನೇ ಕೀ

ಮಾರ್ಚ್ 3, ಸೋಮವಾರ

ಕ್ಲಿನಿಕ್‌ನಲ್ಲಿ ಬೆಳಿಗ್ಗೆಯೆಲ್ಲ ವಯಸ್ಸಾದವರೇ. ಒಬ್ಬ ಅಜ್ಜ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಬಟನ್ ಒತ್ತಲು ಶುರು ಮಾಡಿದರು. ನಾನಿನ್ನೂ ಶಬ್ದವನ್ನೇ ಬಿಟ್ಟಿರಲಿಲ್ಲ.

"ಏನು ಕೇಳಿಸ್ತಿದೆ ಅಜ್ಜ?"

"ಎಲ್ಲಾ ಕೇಳಿಸುತ್ತೆ ಕಣಮ್ಮಾ. ಸೊಸೆ ಬೈಯೋದೊಂದು ಬಿಟ್ಟು."

ಕಿವಿ ಪರೀಕ್ಷೆ ಮಾಡುವವಳ ಅರ್ಧ ಕೆಲಸ ಇದೇ. ಕೇಳಿಸದೆ ಕೇಳಿಸಿದಂತೆ ನಟಿಸುವವರನ್ನು ಹಿಡಿಯುವುದು.

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಲ್ಯಾಪ್‌ಟಾಪ್‌ನಲ್ಲಿ ಕಾರು. ಕಡುನೀಲಿ. ಇಟಲಿಯದು. ಸೆಕೆಂಡ್ ಹ್ಯಾಂಡ್. ಬಟನ್ ಒತ್ತಿದರೆ ಛಾವಣಿ ಮಡಚಿಕೊಂಡು ಹಿಂದೆ ಹೋಗಿ ಕೂರುತ್ತದಂತೆ.

"ಐವತ್ತು ತುಂಬೋದು ಜೀವನದಲ್ಲಿ ಒಂದೇ ಸಲ" ಎಂದ ನನ್ನ ಗಂಡ.

"ನಲವತ್ತೊಂಬತ್ತೂ ಒಂದೇ ಸಲ ತುಂಬಿತ್ತು. ಆಗ ಶೂ ತಗೊಂಡಿದ್ದೆ ನೀನು."

ಮಗಳು ಚಿನ್ನೂ ಕಿಸಕ್ಕನೆ ನಕ್ಕಳು. ಸೀಟು ಎರಡೇ, ನಾವು ಮೂವರು ಎಂದೆ. "ಅಮ್ಮ ಡಿಕ್ಕೀಲಿ!" ಎಂದಳು. ಹದಿನಾರರ ಬಾಯಿ.

ಲಿಫ್ಟ್ ತಪಾಸಣೆ ಅವನ ಕೆಲಸ. ದಿನವಿಡೀ ಮೇಲೆ ಕೆಳಗೆ ಓಡಾಡುವವನಿಗೆ ಒಮ್ಮೆ ಮುಂದಕ್ಕೆ ಹೋಗುವ ಆಸೆ... ಬೇಡ ಅನ್ನಲು ನಾನ್ಯಾರು?

ಮಾರ್ಚ್ 8, ಶನಿವಾರ

ಕಾರು ನೋಡಿ ಬಂದೆವು. ಮಾರುವವರು ಹಲ್ಲಿನ ಡಾಕ್ಟರ್. ಮಂಡಿ ನೋವಂತೆ. "ಇದರಲ್ಲಿ ಕೂರೋದು ಸುಲಭ. ಏಳೋಕೆ ಇಬ್ಬರು ಬೇಕು" ಎಂದು ತಾವೇ ನಕ್ಕರು. ನಾವು ಕರೆದೊಯ್ದ ಮೆಕ್ಯಾನಿಕ್ ಕೆಳಗೆ ತೂರಿ, ಬಾನೆಟ್ ಎತ್ತಿ, ಛಾವಣಿಯ ಮೋಟಾರನ್ನು ಹತ್ತು ಸಲ ಆಡಿಸಿ, ಎಲ್ಲ ಸರಿ ಎಂದ. ಒಂದೇ ಕೊರತೆ, ಎರಡು ಕೀ ಇರಬೇಕಾದಲ್ಲಿ ಒಂದೇ ಇತ್ತು.

"ಮನೆ ಬದಲಾಯಿಸುವಾಗ ಯಾವುದೋ ಡಬ್ಬದಲ್ಲಿ ಸೇರ್ಕೊಂಡಿದೆ, ಸಿಗುತ್ತೆ" ಎಂದರು ಡಾಕ್ಟರ್.

"ಬಿಡೇ, ಒಂದು ಸಾಕು" ಎಂದ ಇವನು.

ನಾನು ಬಿಡಲಿಲ್ಲ. ಹುಡುಕಿ ಕೊಡುತ್ತೇನೆಂದು ಅವರ ಬಾಯಲ್ಲೇ ಹೇಳಿಸಿದೆ. ನನ್ನ ನಂಬರ್ ಕೊಟ್ಟೆ. ನನ್ನ ಅಚ್ಚುಕಟ್ಟಿಗೆ ನಾನೇ ಮೆಚ್ಚಿಕೊಂಡೆ.

ಆಮೇಲೆ ಟೆಸ್ಟ್ ಡ್ರೈವ್. ಅವನು, ನಾನು. ಛಾವಣಿ ತೆರೆದಿತ್ತು, ಕೂದಲೆಲ್ಲ ಬಾಯೊಳಗೆ. ಖುಷಿಯಾಗಿದ್ದೆ, ಸುಳ್ಳು ಯಾಕೆ. ದೊಡ್ಡ ಸಿಗ್ನಲ್‌ನಲ್ಲಿ ನಿಂತೆವು. ಹಸಿರು ಬಿತ್ತು. ಕಾರು ಕದಲಲಿಲ್ಲ. ಹಿಂದಿನವರೆಲ್ಲ ಹಾರ್ನ್. ತಿರುಗಿ ನೋಡಿದರೆ ಅವನ ಕಣ್ಣು ತೆರೆದೇ ಇದೆ, ನೋಟ ಮಾತ್ರ ಎಲ್ಲಿಯೂ ಇಲ್ಲ. ಬಾಯಿ ಏನೋ ಚಪ್ಪರಿಸುತ್ತಿದೆ. ಬೆರಳು ಸ್ಟೀರಿಂಗ್‌ನ ಹೊಲಿಗೆಯನ್ನು ಕೀಳುತ್ತಿದೆ, ಕೀಳುತ್ತಲೇ ಇದೆ. ಹೆಸರು ಹಿಡಿದು ಕರೆದೆ. ಭುಜ ಅಲುಗಿಸಿದೆ. ಕೊನೆಗೆ "ರೀ!" ಎಂದೆ — ನಮ್ಮಲ್ಲಿ ಅದು ಜಗಳಕ್ಕೆ ಮಾತ್ರ ಬಳಸುವ ಪದ.

"ಏನು?" ಎಂದ. ಗೇರ್ ಹಾಕಿದ.

"ಹಾರ್ನ್ ಕೇಳಿಸಲಿಲ್ವಾ?"

"ಎಂಜಿನ್ ಕೇಳಿಸ್ಕೊಳ್ತಿದ್ದೆ. ಎಂಥಾ ಸೌಂಡು ನೋಡು."

ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ನಾವು ಯಾವ ಕಡೆಯಿಂದ ಬಂದ್ವಿ?"

ಇದು ಕಿವಿಯದಲ್ಲ.

ಮಾರ್ಚ್ 9, ಭಾನುವಾರ

ಮಗಳು ಈಜಲು ಹೋದಾಗ ಮಾತೆತ್ತಿದೆ. ಮೆದುಳಿನ ಡಾಕ್ಟರಿಗೆ ತೋರಿಸೋಣ ಎಂದೆ. ಫಿಟ್ಸ್ ಎಂದರೆ ಬಿದ್ದು ಒದ್ದಾಡುವುದು ಮಾತ್ರವೇ ಅಲ್ಲ ಎಂದೆ. ಆ ಪದ ಕೇಳಿದ್ದೇ ಮುಖ ಗಂಟಿಕ್ಕಿತು.

"ನಿದ್ದೆ ಕಮ್ಮಿಯಾಗಿತ್ತು, ಅಷ್ಟೇ. ಗುಡ್ಡ ಅಗೆದು ಇಲಿ ಹಿಡೀಬೇಡ."

"ಕಾರಣವಿಲ್ಲದೆ ಒಂದೇ ಒಂದು ಸಲ ಮಧ್ಯದಲ್ಲಿ ನಿಂತ ಲಿಫ್ಟ್‌ಗೆ ನೀನು ಏನು ಮಾಡ್ತೀಯಾ?"

ಅಂಥ ಲಿಫ್ಟ್‌ಗೆ ಅವನು ಬೀಗ ಹಾಕಿಸುತ್ತಾನೆ. ಆ ಕಟ್ಟಡದವರು ಎಷ್ಟೇ ಗೋಗರೆದರೂ ಬಿಡುವುದಿಲ್ಲ. ಅದು ಊರಿಗೇ ಗೊತ್ತು.

"ಕಾರು ಬರಲಿ. ಆಮೇಲೆ ತೋರಿಸ್ತೀನಿ. ಚಿನ್ನೂಗೆ ಮಾತ್ರ ಹೇಳ್ಬೇಡ. ಅವಳ ಕಣ್ಣಲ್ಲಿ ನಾನು ರೋಗಿ ಆಗೋದು ಬೇಡ. ಮಾತು ಕೊಡು."

ಕೊಟ್ಟೆ.

ಮಾರ್ಚ್ 15, ಶನಿವಾರ

ಕಾರು ಬಂತು. ಬೇಸ್‌ಮೆಂಟಿನಲ್ಲಿ, ನಮ್ಮ ಹಳೆಯ ಕಾರಿನ ಪಕ್ಕ, ಮದುಮಗಳಂತೆ. ಕಾಗದಕ್ಕೆ ಸಹಿ ಹಾಕುವಾಗ ತಡೆಯಬಹುದಿತ್ತು. ತಡೆಯಲಿಲ್ಲ. ಒಂದೇ ಟೆಸ್ಟ್ ನೋಡಿ ನಾನು ಯಾರಿಗೂ ರಿಪೋರ್ಟ್ ಬರೆದುಕೊಡುವುದಿಲ್ಲ... ಹೀಗೆ ಸಮಾಧಾನ ಹೇಳಿಕೊಂಡೆ. ಇದು ನಿಯಮವೋ, ಹೆದರಿಕೆಯೋ?

ಸಂಜೆ ಅಪ್ಪ ಮಗಳು ಒಂದು ಸುತ್ತು ಹೋಗಿ ಬಂದರು. ಅವರು ಬರುವವರೆಗೆ ಒಗೆದು ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದೆ.

ಏಪ್ರಿಲ್ 2, ಬುಧವಾರ

ಮತ್ತೆ ಆಯಿತು.

ಅಡುಗೆಮನೆಯಲ್ಲಿ. ಕಾಫಿ ಲೋಟ ಹಿಡಿದು ಆಫೀಸಿನ ಯಾರನ್ನೋ ಆಡಿಕೊಂಡು ನಗುತ್ತಿದ್ದ. ಮಾತು ಅರ್ಧಕ್ಕೆ ನಿಂತಿತು. ಲೋಟ ನಿಧಾನ ವಾಲಿತು. ಬಿಸಿ ಕಾಫಿ ತೊಡೆಯ ಮೇಲೆ ಸುರಿಯುತ್ತಿದೆ, ಅವನಿಗೆ ಗೊತ್ತೇ ಇಲ್ಲ. ಅದೇ ಚಪ್ಪರಿಕೆ. ಅದೇ ಬೆರಳು, ಈ ಸಲ ಪ್ಯಾಂಟಿನ ಮೇಲೆ. ಆಮೇಲೆ ಬಗ್ಗಿ ನೋಡಿಕೊಂಡು "ಯಾರು ಚೆಲ್ಲಿದ್ದು?" ಎಂದ.

ತೊಡೆಗೆ ಮುಲಾಮು ಹಚ್ಚಿದೆ. ಮೊಳೆಗೆ ನೇತುಹಾಕಿದ್ದ ಕೀ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಹಳೆಯ ಕಾರಿನದನ್ನೂ. ಎದುರಿಗೇ.

"ಡಾಕ್ಟರ್ ನೋಡಿದ ಮೇಲೆ ಕೊಡ್ತೀನಿ."

"ನಾನೇನು ನಿನ್ನ ಪೇಷೆಂಟಾ?"

"ಆಗಿದ್ರೆ ಚೆನ್ನಾಗಿತ್ತು. ಹೇಳಿದ ಮಾತು ಕೇಳ್ತಿದ್ದೆ."

ಕದ ದಡಾರೆಂದು ಹಾಕಿಕೊಂಡ. ಅಪಾಯಿಂಟ್‌ಮೆಂಟ್ ನಾನೇ ತೆಗೆದುಕೊಂಡೆ. ಹನ್ನೆರಡನೇ ತಾರೀಖು, ಶನಿವಾರ, ಹತ್ತು ಗಂಟೆ. ಚೀಟಿಯಲ್ಲಿ ಬರೆದು ಅವನ ಕದದ ಕೆಳಗೆ ತೂರಿಸಿದೆ.

ಏಪ್ರಿಲ್ 6, ಭಾನುವಾರ

ಮಗಳು ಮಾತು ಬಿಟ್ಟಿದ್ದಾಳೆ. ಬಿಟ್ಟಿದ್ದರೆ ಪರವಾಗಿರಲಿಲ್ಲ, ಗೋಡೆಗೆ ಹೇಳುತ್ತಾಳೆ. "ಕೆಲವರಿಗೆ ಬೇರೆಯವರ ಖುಷಿ ಕಂಡ್ರೆ ಹೊಟ್ಟೆಯುರಿ. ಪಾಪ ಅಪ್ಪ, ಬಸ್ಸಲ್ಲಿ ಹೋಗ್ತಿದ್ದಾನೆ." ಅವನು ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾನೂ ನುಂಗಿಕೊಂಡೆ. ಮಾತು ಕೊಟ್ಟವಳಲ್ಲವೇ.

ಮಧ್ಯಾಹ್ನ ಒಬ್ಬಳೇ ಬೇಸ್‌ಮೆಂಟಿಗೆ ಇಳಿದೆ. ಹೊದಿಕೆ ತೆಗೆದೆ. ಕೂತೆ. ಸ್ಟಾರ್ಟ್ ಮಾಡಿದೆ. ಎದೆಯೊಳಗೇ ಗುಡುಗಿದ ಹಾಗಾಯಿತು. ಕಂಬಗಳ ನಡುವೆ ಆಮೆಯ ಹಾಗೆ ಸುತ್ತಿದೆ. ವಾಚ್‌ಮನ್ ಕಾಫಿ ಲೋಟ ಹಿಡಿದು ಬಂದು ನೋಡಿದ. "ಮೇಡಂ, ಇದು ಓಡೋ ಕಾರು" ಎಂದ.

ಸೀಟು ಬೆನ್ನನ್ನು ಹಿಡಿದುಕೊಳ್ಳುತ್ತದೆ. ಅವನಿಗೆ ಇದು ಯಾಕೆ ಬೇಕಿತ್ತು ಎಂದು ಅಲ್ಲಿ ಅರ್ಥವಾಯಿತು. ಅದೇ ಕಷ್ಟ.

ಏಪ್ರಿಲ್ 11, ಶುಕ್ರವಾರ

ಸಂಜೆ ಹಲ್ಲಿನ ಡಾಕ್ಟರ ಫೋನ್. ದನಿಯಲ್ಲಿ ಹಿಗ್ಗು.

"ಸಿಕ್ತು ಮೇಡಂ! ಚಳಿಗಾಲದ ಕೋಟಿನ ಜೇಬಲ್ಲಿತ್ತು. ನಿಮ್ಮ ಭಯಕ್ಕೆ ಮನೆಯೆಲ್ಲ ಜಾಲಾಡಿದೆ ನೋಡಿ."

"ಎಲ್ಲಿದೆ? ನಾನೇ ಬಂದು ತಗೋತೀನಿ."

"ಅಯ್ಯೋ, ನಿಮ್ಮ ಯಜಮಾನರೇ ಮೊನ್ನೆ ಬಂದು ತಗೊಂಡು ಹೋದ್ರಲ್ಲ, ಮಾತು ಕೊಟ್ಟಿದ್ದಕ್ಕೆ ನಿಮಗೂ ತಿಳಿಸೋಣ ಅಂತ ಫೋನ್ ಮಾಡಿದೆ. ಹೇಳ್ಲಿಲ್ವಾ?"

ಹೇಳಿದ್ದಾರೆ, ಮರೆತಿದ್ದೆ ಎಂದೆ. ಫೋನಿಟ್ಟು ನನ್ನ ಬ್ಯಾಗಿನಲ್ಲಿದ್ದ ಕೀಯನ್ನು ತೆಗೆದು ನೋಡಿದೆ.

ನಾನು ಹಟ ಹಿಡಿದು ಕೇಳಿದ ಕೀ. ಬಿಡೇ ಎಂದವನು ಅವನು.

ಮೊನ್ನೆಯಿಂದ ಅವನು ಸಿಳ್ಳೆ ಹಾಕುತ್ತಿದ್ದುದು ಇದಕ್ಕೆ. ಊಟಕ್ಕೆ ಕೂತಾಗ ಮಗಳ ತಲೆ ಸವರಿ, "ನಾಳೆ ಬೇಗ ಏಳ್ತೀಯಾ? ಸರ್ಪ್ರೈಸ್" ಎಂದ. ನನ್ನ ಕಡೆ ನೋಡಲಿಲ್ಲ. ಹೆದ್ದಾರಿ. ಛಾವಣಿ ತೆರೆದು. ಅವಳು ಪಕ್ಕದಲ್ಲಿ.

"ನಾಳೆ ಹತ್ತಕ್ಕೆ ಡಾಕ್ಟರ್" ಎಂದೆ.

"ಗೊತ್ತು. ಬರ್ತೀನಿ. ಅಷ್ಟರೊಳಗೆ ಬಂದೇ ಬರ್ತೀನಿ."

ಕೀ ಕೊಡು ಎನ್ನಬೇಕಿತ್ತು. ಮಗಳ ಎದುರು ಎನ್ನಲಾರೆ, ಯಾಕೆ ಎಂದು ಅವಳು ಕೇಳಿದರೆ... ಅದನ್ನೇ ಲೆಕ್ಕ ಹಾಕಿ ಅವಳ ಎದುರು ಹೇಳಿದ. ಊಟವಾದ ಮೇಲೆ ಅವಳ ರೂಮಿನ ಬಾಗಿಲು ತಟ್ಟಿದೆ. ಹೆಡ್‌ಫೋನ್ ಹಾಕಿಕೊಂಡಿದ್ದಳು. ನನ್ನನ್ನು ನೋಡಿಯೂ ತೆಗೆಯಲಿಲ್ಲ. ಕೊಟ್ಟ ಮಾತು ಉಳಿಯಿತು ಎಂದು ಒಂದು ಕ್ಷಣ ಹಗುರವಾದೆ. ಎಂಥ ತಾಯಿ ನಾನು?

ಏಪ್ರಿಲ್ 12, ಶನಿವಾರ. ಬೆಳಿಗ್ಗೆ, ಆರೂವರೆ

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಟೀರಿಂಗ್ ಮುಂದೆ. ಅವರಿಬ್ಬರೂ ಏಳುವ ಮೊದಲೇ ಇಳಿದು ಬಂದೆ. ನನ್ನ ಹತ್ತಿರವೂ ಒಂದು ಕೀ ಇದೆಯಲ್ಲ. ಛಾವಣಿ ತೆರೆದಿಟ್ಟಿದ್ದೇನೆ, ದೂರದಿಂದಲೇ ಕಾಣಲಿ ಎಂದು.

ಎರಡೇ ಸೀಟು. ಒಂದರಲ್ಲಿ ನಾನಿದ್ದೇನೆ, ಏಳುವುದಿಲ್ಲ. ಇನ್ನೊಂದು ಅವನದು. ಆಸ್ಪತ್ರೆಗೆ ಇದರಲ್ಲೇ ಕರೆದುಕೊಂಡು ಹೋಗುತ್ತೇನೆ, ಆಮೆಯ ಹಾಗೆ, ಹಿಂದಿನವರು ಎಷ್ಟು ಬೇಕಾದರೂ ಹಾರ್ನ್ ಹೊಡೆಯಲಿ. ಕೊಟ್ಟ ಮಾತು ಇವತ್ತು ಮುರಿಯುತ್ತೇನೆ. ಏನು ಹೇಳಬೇಕೆಂದು ಬಾಯಲ್ಲೇ ಹೇಳಿ ನೋಡಿಕೊಂಡೆ. ಚಿನ್ನೂ, ಅಪ್ಪನಿಗೆ ಹುಷಾರಿಲ್ಲ. ಅವನು ಡ್ರೈವ್ ಮಾಡಬಾರದು. ಅದಕ್ಕೇ ಕೀ ತೆಗೆದುಕೊಂಡಿದ್ದು. ಇಷ್ಟೇ. ಇಷ್ಟಕ್ಕೆ ಇಷ್ಟು ದಿನ ಬೇಕಾಯಿತೇ?

ಲಿಫ್ಟ್ ಬೆನ್ನ ಹಿಂದಿದೆ. ತಿರುಗಿ ನೋಡುವುದಿಲ್ಲ. ನೋಡಿದರೆ ಧೈರ್ಯ ಜಾರುತ್ತದೆ.

ಇಳಿಯುತ್ತಿದೆ. ಬಾಗಿಲು. ಮಗಳ ನಗು. ಅವನ ಶೂ. ಸಿಳ್ಳೆ. ಬೆರಳಲ್ಲಿ ಕೀ ಗಿರಗಿರ ತಿರುಗುವ ಸದ್ದು. "ಅಪ್ಪಾ, ನೋಡು... ಅಮ್ಮ ಅಲ್ಲಿ..."

ಹೆಜ್ಜೆ ನಿಂತಿತು. ಸಿಳ್ಳೆಯೂ ನಿಂತಿತು, ನಡುವಿನಲ್ಲೇ. ನನ್ನನ್ನು ಕಂಡು ನಿಂತನೋ, ಇಲ್ಲ —

ಕೀ ನೆಲಕ್ಕೆ ಬಿತ್ತು.

"ಅಪ್ಪಾ?"

ಮತ್ತೆ, ಬೇರೆಯೇ ದನಿಯಲ್ಲಿ, "ಅಪ್ಪಾ... ಅಮ್ಮಾ, ಅಪ್ಪ ಏನೋ ಚಪ್ಪರಿಸ್ತಿದ್ದಾನೆ, ಕರೆದ್ರೂ ನೋಡ್ತಿಲ್ಲ —"