ತೊಳೆದಿಟ್ಟ ಕಲ್ಲು

ದೊಡ್ಡಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಕೆಲಸ ಮಾತ್ರ ಇನ್ನೇನು ಹೋಗಿಯೇಬಿಡುತ್ತಿತ್ತು, ಅದಕ್ಕೆ ನೀನೇ ಕಾರಣ.

ನೆಲದಡಿ ಪೆಟ್ರೋಲಿನ ಕಚ್ಚಾ ಎಣ್ಣೆ ಕೆರೆಯಂತೆ ನಿಂತಿರುತ್ತದೆ ಎಂದುಕೊಂಡಿದ್ದೆವಲ್ಲ, ಹಾಗಲ್ಲ. ಸ್ಪಂಜಿನಲ್ಲಿ ನೀರಿದ್ದಂತೆ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಅಡಗಿರುತ್ತದೆ. ಎರಡು ಮೈಲಿ ಆಳದಿಂದ ಕಲ್ಲು ಕೊರೆದು ತಂದು, ಅದರಲ್ಲಿರುವ ಎಣ್ಣೆ ಅಳೆದು, ಅದರ ಮೇಲೆ ಇಡೀ ನೆಲದ ಅಂದಾಜು ಹಾಕುತ್ತಾರೆ. ಆ ಕಲ್ಲುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುವುದು ನನ್ನ ಕೆಲಸ.

ಶನಿವಾರ ಬಂದ ಕಲ್ಲುಗಳಿಗೆಲ್ಲ ಕಪ್ಪು ಜಿಡ್ಡು. ಕಲೆ ಕಂಡಲ್ಲೆಲ್ಲ ಉಜ್ಜಲು ನೀನು ಪಳಗಿಸಿದ ಕೈ ಸುಮ್ಮನಿರುತ್ತದೆಯೇ? ಒಂದು ಪೆಟ್ಟಿಗೆಯಷ್ಟನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಸೋಮವಾರ ಗಸಗಸ ಉಜ್ಜಿ, ಒಣಗಿಸಿ, ಸಾಲಾಗಿ ಇಟ್ಟೆ.

ನಮ್ಮ ಭೂವಿಜ್ಞಾನಿ ಮೇಡಂ ಬಂದು ಮೂಸಿದರು, ನೆಕ್ಕಿದರು (ಇಲ್ಲಿ ಎಲ್ಲರೂ ಕಲ್ಲು ನೆಕ್ಕುತ್ತಾರೆ, ನಾಚಿಕೆಯೇ ಇಲ್ಲ), ಮುಖ ಕಿವುಚಿದರು. "ಇದೇನ್ರೀ, ಸೋಪಿನ ರುಚಿ?"

ಇದ್ದದ್ದು ಹೇಳಿದೆ. ತಲೆಯ ಮೇಲೆ ಕೈ ಹೊತ್ತು ಕೂತರು.

"ಬಾವೀಲಿ ಎಣ್ಣೆ ತಾನಾಗಿ ಬರೋದು ನಿಂತ ಮೇಲೆ, ಕಲ್ಲಿಗೆ ಅಂಟಿರೋ ಎಣ್ಣೇನ ಸೋಪಿನ ನೀರು ಒಳಗೆ ಹಾಯಿಸಿ ತೆಗೆಯೋಣ ಅಂತಿದ್ವಿ. ಅದು ಇಪ್ಪತ್ತು ವರ್ಷ ಆದ್ಮೇಲೆ. ನೀವು ಇವತ್ತೇ ಮುಗಿಸಿಬಿಟ್ರಲ್ಲ."

ಪುಣ್ಯಕ್ಕೆ ಇನ್ನೊಂದು ಪೆಟ್ಟಿಗೆಯನ್ನು ನಾನಿನ್ನೂ ಮುಟ್ಟಿರಲಿಲ್ಲ. ಈಗ ಕಲ್ಲಿಡುವ ಕೋಣೆಯ ನಲ್ಲಿಗೆ ಬೀಗ ಬಿದ್ದಿದೆ, ಬೀಗದ ಕೈ ಮೇಡಂ ಬಳಿ.

ನನ್ನ ಕೆಮ್ಮು ಹೋಯಿತು, ಚಿಂತೆ ಬೇಡ. ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಈ ಕಾರ್ಡಿನ ಮೂಲೆಯಲ್ಲಿರುವ ಕಂದು ಕಲೆ ಉಳಿದ ಪೆಟ್ಟಿಗೆಯ ಎಣ್ಣೆ, ನಿನಗೆ ತೋರಿಸಲೆಂದೇ ಒತ್ತಿದ್ದು. ಸೆರಗು ಕೆಳಗಿಡು ದೊಡ್ಡಮ್ಮ, ಉಜ್ಜಬೇಡ.

ನಿನ್ನ ತಂಗಿಯ ಮಗಳು