ಹೆಡ್‌ಲೈಟು ಉಜ್ಜಿದ ಭಾನುವಾರ

ಮನೆಯ ಮುಂಬಾಗಿಲಿನಿಂದ,
೧೪ನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಗಂಟಲುನೋವು ಬಿಟ್ಟಿತೆ? ಹಾಸ್ಟೆಲಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೆ? ಇಲ್ಲಿ ಎಲ್ಲರೂ ಕ್ಷೇಮ, ನನ್ನ ಬಾಯಿಯೊಂದನ್ನು ಬಿಟ್ಟು. ಬಾಯಿಯ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಪರದೆ ಮೇಲೇಳಲಿ!

ನೀನು ಬಿಟ್ಟುಹೋದ ಬೈಕಿನಲ್ಲೇ ನಿನ್ನ ಅಮ್ಮ ಆಸ್ಪತ್ರೆಯ ರಾತ್ರಿ ಪಾಳಿಗೆ ಹೋಗಿಬರುತ್ತಾಳಲ್ಲ, ಕಳೆದ ವಾರ ತಿರುವಿನಲ್ಲಿ ಯಾರೋ ಸುರಿದಿದ್ದ ಮರಳಿನ ಗುಡ್ಡೆಗೇ ನುಗ್ಗಿಸಿಬಿಟ್ಟಳು. ಮೊಣಕೈ ತರಚಿತು ಅಷ್ಟೆ, ಹೆದರಬೇಡ. "ಹೆಡ್‌ಲೈಟು ಮಂಜಾಗಿದೆ ಕಣ್ರೀ. ಗಂಡಸು ಅಂತ ಒಬ್ಬರಿದ್ದೀರಲ್ಲ, ಅದನ್ನಾದ್ರೂ ಉಜ್ಜಿ!" ಎಂದಳು. ರಾಜಾಜ್ಞೆ! ಆಯುಷ್ಯವಿಡೀ ರಂಗದ ಮೇಲೆ ಮಹಾರಾಜನಾಗಿ ಮೆರೆದವನು ಇವತ್ತು ಬೆಳಿಗ್ಗೆ ಬಕೆಟ್ಟು ಹಿಡಿದು ಅಂಗಳಕ್ಕಿಳಿದೆ.

ಥೂ! ಎಂಥ ಗಲೀಜು, ಮಗಳೇ! ಆ ದೀಪದ ಮುಚ್ಚಳ ವರ್ಷಗಟ್ಟಲೆ ಹಲ್ಲುಜ್ಜದವನ ನಗೆಯ ಹಾಗೆ ಹಳದಿಗಟ್ಟಿತ್ತು. ನಾಟಕದವನ ಬುದ್ಧಿ ನೋಡು, ಮುಖದ ಬಣ್ಣ ಎಣ್ಣೆಗೆ ಬಿಡುತ್ತದೆ, ಇದೂ ಬಿಟ್ಟೀತೆಂದು ಅಂಗೈ ತುಂಬ ಎಣ್ಣೆ ಸುರಿದು ತಿಕ್ಕಿದೆ. ಬೀದಿಯ ಧೂಳೆಲ್ಲ ಬಂದು ಅಂಟಿ ಕಪ್ಪು ಲೋಳೆಯಾಯಿತು. ಅದರಲ್ಲಿ ಒಂದು ನೊಣ ಸಿಕ್ಕಿಕೊಂಡು ಎಷ್ಟು ಹೊತ್ತು ಸತ್ತಿತೆಂದರೆ, ನಾನೂ ಯಾವ ನಾಟಕದಲ್ಲೂ ಅಷ್ಟು ಹೊತ್ತು ಸತ್ತವನಲ್ಲ!

ಆಗ ಪ್ರವೇಶ, ನಿನ್ನ ಸೋದರಮಾವ! ಹರಿದ ಬನಿಯನ್ನು, ಬಾಯಿ ತುಂಬ ನೊರೆ. "ಭಾವ, ಟೂತ್‌ಪೇಸ್ಟ್ ಹಾಕಿ ನೋಡಿ, ಫಳಫಳ ಅನ್ನುತ್ತೆ" ಎಂದು ನನ್ನ ಪಾದದ ಮೇಲೇ ಉಗುಳಿದ. ಬಚ್ಚಲಿಂದ ಹಳೇ ಬ್ರಷ್ಷೊಂದನ್ನು ತಂದು ಎಣ್ಣೆಯನ್ನೆಲ್ಲ ಸೋಪುನೀರಲ್ಲಿ ತೊಳೆದು, ಪೇಸ್ಟ್ ಹಚ್ಚಿ ಉಜ್ಜಿದ. ಆಮೇಲೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ, ಅಬ್ಬಬ್ಬಾ, ಒಳಗೊಂದು ಸ್ಮಶಾನ! ಒಣಗಿದ ಪತಂಗಗಳು, ಪುಡಿಯಾದ ರೆಕ್ಕೆ, ಹಲ್ಲಿಯ ಹಿಕ್ಕೆ. ಎಲ್ಲವನ್ನೂ ಅದೇ ಬ್ರಷ್ಷಿನಿಂದ ಕೆರೆದು ತೆಗೆದ. ತೆಗೆದವನು ಬ್ರಷ್ಷನ್ನು ಎಸೆದನೆ? ಇಲ್ಲ. ಮರ್ಯಾದಸ್ಥ! ಎಲ್ಲಿಂದ ತಂದನೋ ಅಲ್ಲೇ ಇಟ್ಟ. ಊಟವಾದ ಮೇಲೆ ನಾನು ಹಲ್ಲುಜ್ಜಿದೆ. ನಾಲಿಗೆಗೆ ಏನೋ ಸಿಕ್ಕಿತು. ರೆಕ್ಕೆ! ಕೂಗಾಡಿದರೆ ಆ ಮಹಾನುಭಾವ, "ಹಳೇದು ಅನ್ಕೊಂಡೆ ಭಾವ. ಕೂದಲೆಲ್ಲ ಉದುರಿತ್ತು, ನಿಮ್ಮ ಥರಾನೇ" ಎಂದ. ಇವತ್ತಿನಿಂದಲ್ಲ, ಮದುವೆಯ ದಿನದಿಂದಲೇ ಆ ಮನುಷ್ಯನನ್ನು ಕಂಡರೆ ನನಗೆ ವಾಕರಿಕೆ.

ಆದರೂ ಹೇಳಲೇಬೇಕು, ದೀಪ ಗೆದ್ದಿದೆ! ಈಗಷ್ಟೇ ಹಾಕಿ ನೋಡಿದೆ. ಎದುರು ಗೋಡೆಗೆ ಅಂಟಿಸಿರುವ ಜಾಹೀರಾತಿನ ಸಣ್ಣಕ್ಷರವನ್ನೂ ಇಲ್ಲಿಂದಲೇ ಓದಬಹುದು. ಅಮ್ಮ ಪಾಳಿಗೆ ಹೊರಡಲು ಸೀರೆ ಉಡುತ್ತಿದ್ದಾಳೆ. ಬಂದು ನೋಡಲಿ, ಚಪ್ಪಾಳೆ ವಸೂಲು ಮಾಡದೆ ಬಿಡುವವನಲ್ಲ.

ಹೊಟ್ಟೆ ತುಂಬ ಉಣ್ಣು, ತಲೆಯೆತ್ತಿ ನಡೆ, ನಿನ್ನ ಬ್ರಷ್ಷನ್ನು ಬೀಗ ಹಾಕಿಡು.

ಸಿಂಹಾಸನ ಕಳೆದುಕೊಂಡ ನಿನ್ನ
ಅಪ್ಪ

ಸಹಿ ಹಾಕಿದ ಮೇಲೆ ನಡೆದದ್ದು: ಅಮ್ಮ ಬಂದು ಬೈಕ್ ಹತ್ತಿ ಕೂತಳು. ಗೋಡೆ ಹಾಡುಹಗಲಿನ ಹಾಗೆ ಬೆಳಗುತ್ತಿತ್ತು. ಅದನ್ನೇ ನೋಡುತ್ತ, "ಇನ್ನೂ ಮಂಜು ಮಂಜೇ ಇದೆಯಲ್ರೀ, ಇನ್ನೊಂದ್ಸಲ ಉಜ್ಜಿ" ಎಂದಳು. ಅದು ದೀಪದ ಮಂಜಲ್ಲ ಪುಟ್ಟೀ. ಬೈಕ್ ಕೆಟ್ಟಿದೆಯೆಂದು ಸುಳ್ಳು ಹೇಳಿ ನಿನ್ನ ಸೋದರಮಾವನ ಜೊತೆ ಕಳಿಸಿದ್ದೇನೆ, ಕೀಲಿ ನನ್ನ ಬಣ್ಣದ ಪೆಟ್ಟಿಗೆಯಲ್ಲಿದೆ. ಡಾಕ್ಟರಿಗೆ ಕಣ್ಣು ತೋರಿಸು ಎಂದು ನಾನು ಹೇಳಿದರೆ ನಾಟಕ ಅನ್ನುತ್ತಾಳೆ. ನೀನು ಹೇಳು.