ಹೆಸರಿನ ಪಕ್ಕದ ಊರು

ವಿಶಾಖಪಟ್ಟಣ, 6 ಫೆಬ್ರವರಿ 1989. ಬೆಳಿಗ್ಗೆ 10

ಫುಟ್‌ಪಾತಿನವರ ಬಗ್ಗೆ ಬರೆಯಲು ಇವತ್ತೂ ಏಳಕ್ಕೇ ದ್ವಾರಕಾ ನಗರಕ್ಕೆ ಹೋದೆ. ಬ್ಯಾಂಕಿನ ಮೆಟ್ಟಿಲ ಮೇಲೆ ಹದಿನಾಲ್ಕು ಜನ. ಒಂಬತ್ತಕ್ಕೆ ವಾಚ್‌ಮನ್ ಬಕೆಟ್ ತಂದು ಸುರಿಯುತ್ತಾನೆ — ಮೆಟ್ಟಿಲು ತೊಳೆಯುವುದಂತೆ! ಮಲಗಿದವರ ಚಾಪೆ, ಬಟ್ಟೆ ಎಲ್ಲ ಒದ್ದೆ. ಅದಕ್ಕೇ ಅವನು ಗೇಟಿನಲ್ಲಿ ಕಂಡ ಕೂಡಲೇ ಮಂಗಳ ಹಾಡಲು ಶುರು ಮಾಡುತ್ತೇನೆ. ನಾಟಕ ಕಂಪನಿಯ ರೂಢಿ. ಮಂಗಳ ಹಾಡಿದರೆ ಆಟ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಮೆಟ್ಟಿಲಿನವರಿಗೂ ಈಗ ಅಭ್ಯಾಸವಾಗಿದೆ. ಮೂರನೇ ಸಾಲಿಗೆ ಜಾಗ ಖಾಲಿ, ಆಸಾಮಿ ಪೆಚ್ಚು. ಹದಿನೆಂಟು ವರ್ಷ ಹಾರ್ಮೋನಿಯಂ ಒತ್ತಿ, ಖಳನ ಪಾರ್ಟು ಮಾಡಿ, ಕೊನೆಗೆ ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಇಲ್ಲಿ.

ಹಾಡು ಕೇಳಿ ಒಬ್ಬ ಹೆಂಗಸು ಕನ್ನಡದಲ್ಲೇ ಕೇಳಿದಳು — "ಯಾವೂರು ಸಾಮಿ ನಿಮ್ದು?" ನಾಗಮ್ಮ. ಮಡಕಶಿರಾ ಕಡೆಯವಳು, ಗಡಿಯ ಕನ್ನಡದವಳು. ಜೊತೆಗೆ ಹನ್ನೆರಡರ ಮಗಳು ವಿಜಿ. ಗಂಡ ಸತ್ತ ಮೇಲೆ ಮನೆ ಬಿಟ್ಟಳಂತೆ. ಯಾಕೆ ಅಂದರೆ ಮಾತು ತಿರುಗಿಸಿದಳು.

"ಪೇಪರ್‌ಗೆ ಹೆಸರು ಬರೀಲೇನಮ್ಮ?"

"ಬರ್ಕೊಳ್ಳಿ. ಈ ತೆಲುಗ್ರ ಊರಾಗೆ ನನ್ನ ಯಾರ್ ಬಲ್ಲರು?"

9 ಫೆಬ್ರವರಿ

ಲೇಖನ ಮುಗಿಯಿತು. ಬೆಂಗಳೂರಿನ ವಾರಪತ್ರಿಕೆಗೆ ಪೋಸ್ಟ್ ಮಾಡಬೇಕು. ತಂಗಿ ಗೌರಿ ಓದಿದಳು. (ಅವಳ ಗಂಡ ಜಯದೇವ ನೇವಿಯಲ್ಲಿ. ಅವರ ಕ್ವಾರ್ಟರ್ಸಿನ ವರಾಂಡವೇ ನನ್ನ ಆಫೀಸು.)

"ಅಣ್ಣಾ, ನಾಗಮ್ಮನ ಹಳ್ಳಿ, ತಾಲ್ಲೂಕು ಎಲ್ಲಾ ಯಾಕೆ ಹಾಕಿದ್ದೀಯ?"

ಸಿಟ್ಟು ಬಂತು. ಕಂಪನಿಯ ಹ್ಯಾಂಡ್‌ಬಿಲ್‌ನಲ್ಲಿ ಪರದೆ ಎಳೆಯುವವನ ಹೆಸರಿನ ಪಕ್ಕವೂ ಊರು ಇರುತ್ತಿತ್ತು. ಅದು ಮರ್ಯಾದೆ. ಫುಟ್‌ಪಾತಿನವರಿಗೆ ಊರೇ ಇಲ್ಲ ಅಂತ ತಿಳಿದ ಓದುಗರಿಗೆ ಗೊತ್ತಾಗಲಿ — ಇವಳಿಗೂ ಒಂದು ಊರಿದೆ ಅಂತ.

"ನಿನ್ ಹತ್ರ ವಾದ ಮಾಡೋಕಾಗಲ್ಲ ಬಿಡು" ಅಂತ ಒಳಗೆ ಹೋದಳು.

27 ಫೆಬ್ರವರಿ

ನಾಲ್ಕು ದಿನ ವಿಜಯವಾಡ. ಕಾಲುವೆ ದಂಡೆಯ ಗೋಣಿಚೀಲದ ಗುಡಿಸಲುಗಳು... ನೋಟ್‌ಬುಕ್ ತುಂಬಿತು. ಒಂದು ದಿನ ಹತ್ತಿರದ ಕೊಂಡಪಲ್ಲಿಗೂ ಹೋಗಿದ್ದೆ. ವಿಜಿಗೆ ಮರದ ಆನೆ ತಂದೆ. ಹುಡುಗಿ ಅದನ್ನು ಕೈಯಿಂದ ಬಿಡುತ್ತಿಲ್ಲ. ಅಲ್ಲಿ ಮನೆಮನೆಯಲ್ಲಿ ಹೆಂಗಸರು ಗೊಂಬೆಗೆ ಬಣ್ಣ ಹಾಕುತ್ತಾರೆ ಅಂದೆ.

"ನಮ್ಮಂಥೋರ್ಗೂ ಕೆಲ್ಸ ಕೊಡ್ತಾರಾ?" ಎರಡು ಸಲ ಕೇಳಿದಳು ನಾಗಮ್ಮ.

12 ಮಾರ್ಚ್. ಮಧ್ಯಾಹ್ನ



ಪತ್ರಿಕೆ ಬಂತು. ಅರ್ಧ ಪುಟ ಫೋಟೋ — ಮೆಟ್ಟಿಲು, ನಾಗಮ್ಮ, ವಿಜಿ. ಹೆಮ್ಮೆಯಿಂದ ಒಯ್ದು ತೋರಿಸಿದೆ. ಅವಳಿಗೆ ಓದು ಬಾರದು, ಆದರೆ ಮುಖಪುಟ ನೋಡಿಯೇ ಗುರುತು ಹಿಡಿದಳು.

"ಇದು ಕನ್ನಡದ್ದಾ? ನಮ್ ಬಸ್‌ಸ್ಟ್ಯಾಂಡ್ ಅಂಗಡೀಲಿ ಇದನ್ನ ತೂಗಾಕಿರ್ತಾರಲ್ಲ ಸಾಮಿ!"

ಆಮೇಲೆ ಹೇಳಿದಳು. ವಿಜಿಯನ್ನು ನಲವತ್ತು ವರ್ಷದ, ಎರಡನೇ ಸಂಬಂಧದವನಿಗೆ ಕೊಡಲು ಮೈದುನ ಮಾತು ಕೊಟ್ಟಿದ್ದ. ಅದಕ್ಕೇ ಓಡಿ ಬಂದದ್ದು. ಹೆಸರು ಬರೆದುಕೊಂಡ ದಿನ ಯಾವ ಪೇಪರ್ ಅಂತ ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

"ನನ್ ಮಗೀನ ನೀವೇ ಹಿಡ್ಕೊಟ್ರಲ್ಲಪ್ಪಾ."

ಮೆಟ್ಟಿಲು ಬಿಟ್ಟರೆ ಅವರಿಗೆ ಬೇರೆ ಜಾಗವಿಲ್ಲ. ಮನೆಗೆ ಬನ್ನಿ ಅಂದೆ. ಬರಲಿಲ್ಲ. ಇನ್ನು ನನ್ನ ನೆರಳೂ ಬೇಡ ಅವಳಿಗೆ. ಥೂ, ನನ್ನ ಜನ್ಮಕ್ಕಿಷ್ಟು.

19 ಮಾರ್ಚ್. ಬೆಳಿಗ್ಗೆ 8.30

ಬಂದ.

ಮಡಿಸಿದ ಬಿಳಿ ಪಂಚೆ. ಕಂಕುಳಲ್ಲಿ ಪತ್ರಿಕೆ. ಮೆಟ್ಟಿಲನ್ನೂ ಫೋಟೋವನ್ನೂ ತಾಳೆ ನೋಡುತ್ತಿದ್ದ. ತಾಯಿ ಮಗಳು ನಲ್ಲಿಗೆ ಹೋಗಿದ್ದರು, ಪುಣ್ಯಕ್ಕೆ.

"ಚಿಕ್ಕಣ್ಣನೋರು ನೀವೇನಾ? ಒಳ್ಳೇ ಕೆಲ್ಸ ಮಾಡಿದ್ರಿ. ಇವ್ರು ನಮ್ಮತ್ತಿಗೆ. ಎಲ್ಲವ್ರೆ?"

ಎಂಥ ವಿನಯ! ರಂಗದ ಮೇಲೆ ಖಳನಾದ ನನಗೇ ಅಷ್ಟು ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ.

"ಅವರಾ? ಹೋದ ವಾರವೇ ವಿಜಯವಾಡಕ್ಕೆ ಹೋದ್ರಲ್ಲ. ಕೊಂಡಪಲ್ಲೀಲಿ ಗೊಂಬೆ ಕೆಲಸ ಅಂತೆ."

ಬಾಯಿಗೆ ಬಂದ ಊರು ಅದು. ಕೈ ಮುಗಿದು ಸ್ಟೇಷನ್ ಕಡೆ ಹೊರಟ. ಕುಣಿಯಬೇಕು ಅನ್ನಿಸಿತು.

ಅದೇ ದಿನ, 11.45

ನಲ್ಲಿಯಿಂದ ಅವರು ವಾಪಸ್ ಬರಲಿಲ್ಲ. ವಾಚ್‌ಮನ್‌ನನ್ನು ಕೇಳಿದೆ. ಪಂಚೆಯವನನ್ನು ದೂರದಿಂದ ಕಂಡು ಇಬ್ಬರೂ ಗೋಡೆಯ ಹಿಂದೆ ಅವಿತರಂತೆ. ಅವನು ಹೋದ ಮೇಲೆ ಜೊತೆಗಿದ್ದ ಗಂಟು ಹೊತ್ತುಕೊಂಡು ಹೊರಟರಂತೆ. ಆನೆ ಹಿಡಿದ ಹುಡುಗಿ ಕೇಳಿದಳಂತೆ — ವಿಜಯವಾಡದ ರೈಲು ಎಷ್ಟು ಗಂಟೆಗೆ ಅಂತ.

ಅಯ್ಯೋ ದೇವರೇ. ಇಬ್ಬರಿಗೂ ಆ ಊರು ಹೇಳಿಕೊಟ್ಟವನು ನಾನೇ.

ಮುಂದಿನ ರೈಲಿಗೆ ಹೊರಟಿದ್ದೇನೆ.

ವಿಜಯವಾಡ ಸ್ಟೇಷನ್, 20 ಮಾರ್ಚ್. ಬೆಳಿಗ್ಗೆ 9

ಪ್ಲಾಟ್‌ಫಾರಂನಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಇಳಿದವನು ಕಾಲುವೆ ದಂಡೆಯೆಲ್ಲ ಹುಡುಕಿದೆ. ಇಲ್ಲ. ಬೆಳಿಗ್ಗೆ ಕೊಂಡಪಲ್ಲಿ ಪ್ಯಾಸೆಂಜರ್ ನೋಡೋಣ ಅಂತ ಬಂದರೆ — ಅಲ್ಲೇ, ನೀರಿನ ನಲ್ಲಿಯ ಬುಡದಲ್ಲಿ, ತಾಯಿ ಮಗಳು ಬೆನ್ನು ಮಾಡಿ ಕೂತಿದ್ದಾರೆ. ಮೇಲ್ಸೇತುವೆಯ ಮೆಟ್ಟಿಲಲ್ಲಿ ಅವನು! ಕೂಲಿಯೊಬ್ಬನಿಗೆ ಫೋಟೋ ತೋರಿಸುತ್ತಿದ್ದಾನೆ. ಐವತ್ತು ಹೆಜ್ಜೆ ಇಲ್ಲ. ಓಡಿ ಹೋದರೆ ನನ್ನನ್ನು ನೋಡಿ ಅವರನ್ನೂ ನೋಡುತ್ತಾನೆ. ಹೆಸರು ಕೂಗುವಂತಿಲ್ಲ.

ಮಂಗಳ ಹಾಡಿದೆ.

ಕಂಪನಿಯ ಕೊನೆಯ ಆಟದಲ್ಲೂ ಅಷ್ಟು ಗಟ್ಟಿಯಾಗಿ ಹಾಡಿರಲಿಲ್ಲ. ಟೀ ಮಾರುವವರು ತಿರುಗಿ ನೋಡಿದರು. ಮೊದಲು ವಿಜಿಯ ತಲೆ ಎದ್ದಿತು. ತಾಯಿಯ ಸೆರಗು ಎಳೆದಳು. ಮೂರನೇ ಸಾಲಿಗೆ ಗಂಟು ಎದ್ದಿತ್ತು. ಆಚೆ ಬದಿಯಲ್ಲಿ ಒಂದು ರೈಲು ಆಗಲೇ ಹೊರಟಿತ್ತು. ಹತ್ತಿದರು. ಹತ್ತಿದರು!

ಮೈದುನ ನನ್ನ ಕಡೆಗೇ ಓಡಿ ಬಂದ. "ನೀವಿಲ್ಲೇನ್ ಮಾಡ್ತಿದ್ದೀರಿ? ಅವ್ರೆಲ್ಲಿ?" ಕೊನೆಯ ಸಾಲಿನವರೆಗೂ ಅವನ ಮುಖ ನೋಡುತ್ತಲೇ ಹಾಡಿದೆ. ಅಷ್ಟರಲ್ಲಿ ರೈಲಿನ ಬಾಲವೂ ಕಾಣಲಿಲ್ಲ.

ವಿಶಾಖಪಟ್ಟಣ, 28 ಮಾರ್ಚ್

ಸಂಪಾದಕರ ಕಾಗದ. ಓದುಗರ ಪತ್ರ ರಾಶಿ ಬಿದ್ದಿವೆಯಂತೆ. ನಾಗಮ್ಮ, ವಿಜಿ ಈಗ ಎಲ್ಲಿದ್ದಾರೆ, ಇನ್ನೊಂದು ಲೇಖನ ಬೇಗ ಕಳಿಸಿ ಅಂತ. ಗೊತ್ತಿಲ್ಲ ಅಂತ ಬರೆದು ಹಾಕಿದೆ. ಗೌರಿಗೂ ಅದನ್ನೇ ಹೇಳಿದೆ. ನಂಬಿದಳೋ ಇಲ್ಲವೋ.

ಅವತ್ತು ರೈಲಿನ ಬಾಗಿಲಲ್ಲಿ ನಿಂತು ವಿಜಿ ಆನೆ ಎತ್ತಿ ತೋರಿಸಿದಳು. ಅವಳ ತಲೆಯ ಪಕ್ಕವೇ ಬೋಗಿಯ ಬೋರ್ಡು. ಓದಿದೆ. ಓದಬಾರದಿತ್ತು, ಓದಿಬಿಟ್ಟೆ. ಆ ರೈಲು ಹೋಗುವ ಊರು... ಈ ಸಲ ಬರೆಯುವುದಿಲ್ಲ.